ಕಿಟಕಿಯಿಂದ ಬಂದ ವಿಭೂತಿ

ಮಂಗಳವಾರ, ಜೂನ್ ೧೦. ಬಾಲಿ.

ಪಕ್ಕದ ಮಂಚದಲ್ಲಿ ದೊಡ್ಡವ್ವನ ಎದೆ ಗೊರಗೊರ ಅನ್ನುತ್ತಿದೆ. ಸಂಜೆಯಿಂದ ಹೀಗೇ. ಚನ್ನಪಟ್ಟಣದಿಂದ ತಂದ ಇನ್‌ಹೇಲರನ್ನು ಎರಡು ಸಲ ಎಳೆದರೂ ಇಳಿದಿಲ್ಲ.

ತಪ್ಪು ನನ್ನದು. ಬೆಳಿಗ್ಗೆ ಕಡಲ ಪಕ್ಕದ ರಸ್ತೆಯಲ್ಲಿ ಹೋಗುವಾಗ ಒಂದು ಕಡೆ ನೀಲಿ ನೀರು, ಇನ್ನೊಂದು ಕಡೆ ಆ ಬೆಂಕಿಬೆಟ್ಟ. ಅದರ ತುದಿಯಲ್ಲಿ ಬೂದು ಬಣ್ಣದ ಮೋಡದಂಥದ್ದು. "ನಮ್ ಸಾವನದುರ್ಗದ ಮ್ಯಾಲೂ ಮಳೆಗ್ ಮುಂಚೆ ಹಿಂಗೇ ಕುಂತಿರ್ತದೆ ಕಣ್ಮಗ," ಅಂದಳು ದೊಡ್ಡವ್ವ.

ಆಮೇಲೆ ಬಿದ್ದದ್ದು ಮಳೆಯಲ್ಲ, ಬೂದಿ. ಡ್ರೈವರ್ ತನ್ನ ಗಾಜು ಏರಿಸಿ, ನಿಮ್ಮದನ್ನೂ ಮುಚ್ಚಿ ಎಂದು ಇಂಗ್ಲಿಷಿನಲ್ಲಿ ಹೇಳಿದ. ದೊಡ್ಡವ್ವನ ಮಗ ಮನೋಹರಣ್ಣ ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ. ಅರ್ಥವಾದದ್ದು ನನಗೊಬ್ಬಳಿಗೇ.

ದೊಡ್ಡವ್ವ ಕೈಯನ್ನು ಹೊರಗೆ ಚಾಚಿದಳು. "ಬೆಟ್ಟದಪ್ಪನೇ ವಿಭೂತಿ ಕೊಡ್ತಾವ್ನೆ, ಬ್ಯಾಡ ಅನ್ನಕಾದದಾ?" ಎಂದು ಹಣೆಗೆ ಬಳಿದುಕೊಂಡಳು, ಚಿಟಿಕೆಯಷ್ಟು ಬಾಯಿಗೂ ಹಾಕಿಕೊಂಡಳು. ನನ್ನ ಹಣೆಗೂ ಇಟ್ಟಳು. ಅವಳಿಗೆ ಉಬ್ಬಸ ಎಂದು ಗೊತ್ತಿದ್ದೂ, ಆ ಮುಖದ ಖುಷಿ ನೋಡಿ, ಬೇಡ ಅನ್ನಲು ಬಾಯಿ ಬರದೆ ಸುಮ್ಮನಿದ್ದೆ. ಕಿಟಕಿ ತೆರೆದೇ ಇತ್ತು.

ರೂಮಿಗೆ ಬಂದ ಮೇಲೆ ನನ್ನ ಹಣೆ ತೊಳೆದುಕೊಂಡೆ. ಬೂದಿ ಬೆರಳಿಗೆ ಗಾಜಿನ ಪುಡಿಯಂತೆ ತರಿತರಿಯಾಗಿ ಸಿಕ್ಕಿತು. ಅದು ಅವಳ ಎದೆಯೊಳಗಿದೆ.

ಈಗ ಕೇಳಿದರೆ, "ಏನೂ ಆಗಿಲ್ಲ. ಮನೋಹರನ್ನ ಎಬ್ಬುಸ್ಬ್ಯಾಡ. ಮನಿಕೋ" ಅಂದಳು. ಅಷ್ಟು ಹೇಳುವುದರೊಳಗೆ ಮೂರು ಸಲ ಉಸಿರಿಗಾಗಿ ನಿಂತಳು. ತುಟಿ ಬೇರೆ ಬಣ್ಣಕ್ಕೆ ತಿರುಗಿದೆಯೋ, ದೀಪವೇ ಹಾಗೋ ತಿಳಿಯುತ್ತಿಲ್ಲ.

ಬೆಳಿಗ್ಗೆಯಂತೆ ಈಗಲೂ ಸುಮ್ಮನೆ ಕೂತು ಬರೆಯುತ್ತಿದ್ದೇನೆ. ಅವಳು ಬೈದರೆ ಬೈಯಲಿ, ಅಣ್ಣನ ಬಾಗಿಲು ಬಡಿಯುತ್ತೇನೆ. ಈ ಸಾಲು ಮುಗಿಸಿ ಅಲ್ಲ, ಈಗಲೇ