ಬುತ್ತಿಯ ರೊಟ್ಟಿ

ಅಡಿವೆಕ್ಕ,

ಎಮ್ಮೆ ಹಿಂಡಿದ್ದೇನೆ. ಹಾಲು ನೆಲುವಿನಲ್ಲಿದೆ, ಕಾಯಿಸಬೇಕು. ಅವ್ವನ ಮೊಣಕಾಲಿನ ಗುಳಿಗೆಯನ್ನು ಊಟವಾದ ಮೇಲೆ ಕೊಡು.

ನಾನು ತಿಳವಳ್ಳಿಯ ದವಾಖಾನೆಗೆ ಹೋಗಿ ಸಂಜೆ ಬರುತ್ತೇನೆ. ಅವ್ವ ಕೇಳಿದರೆ ಹಾನಗಲ್ಲಿಗೆ ಹೋಗಿದ್ದಾನೆ ಎಂದು ಹೇಳು. ನಿಜ ತಿಳಿದರೆ ಹುಲಗೂರಿನ ದರ್ಗಾದಿಂದ ದಾರ ತಂದು ಕಟ್ಟುತ್ತಾಳೆ.

ನಿನ್ನೆ ದವಾಖಾನೆಯ ಹೊಸ ಡಾಕ್ಟರಮ್ಮ ಅವ್ವನ ಮೊಣಕಾಲು ನೋಡಿ ಅಷ್ಟಕ್ಕೇ ಬಿಡಲಿಲ್ಲ. ನಿದ್ದೆ ಬರುತ್ತದೆಯೇ, ಊಟ ರುಚಿಸುತ್ತದೆಯೇ, ಬದುಕು ಬೇಸರವೇ ಎಂದೂ ಕೇಳಿದರು. ದೊಡ್ಡವರು ಯಾವ ಬೇನೆಗೆ ಬಂದರೂ ಅವರು ಇದನ್ನು ಕೇಳುತ್ತಾರಂತೆ. ಅವ್ವ ನಕ್ಕುಬಿಟ್ಟಳು. "ಬ್ಯಾಸರ ಮಾಡ್ಕೊಳ್ಳಾಕ ಪುರಸೊತ್ತರ ಎಲ್ಲೈತ್ರಿ ನಮಗ?"

ಬಾಗಿಲ ಬಳಿ ನಿಂತಿದ್ದ ನಾನು ಒಂದೊಂದಕ್ಕೂ ಮನಸ್ಸಿನಲ್ಲೇ ಉತ್ತರ ಕೊಟ್ಟೆ. ನನಗೆ ನಗು ಬರಲಿಲ್ಲ. ಹೊರಡುವಾಗ ಅವರು ನನ್ನ ಮುಖ ನೋಡಿ, "ನೀವೂ ಒಮ್ಮೆ ಬರ್ರಿ, ಮಾತಾಡೂಣು" ಎಂದರು.

"ಬಿ.ಎ. ಆದಮ್ಯಾಲೆ ನಮ್ಮ ಕೂಡ ಮಾತ ಸೇರಂಗಿಲ್ಲ ಇವಗ" ಎಂದು ನೀನು ಚುಚ್ಚುತ್ತೀಯಲ್ಲ, ಅದು ಸೊಕ್ಕಲ್ಲ ಅಕ್ಕ. ನೀನು ಕಟ್ಟಿಕೊಡುವ ಬುತ್ತಿಯ ರೊಟ್ಟಿಯನ್ನು ಎಷ್ಟೋ ದಿನದಿಂದ ಎಮ್ಮೆಯೇ ತಿನ್ನುತ್ತಿದೆ.

ಹೊಲದಿಂದ ಬಂದಾಗಲೆಲ್ಲ ನೀನು ಒಲೆಯ ಮುಂದೆ ಕೂತೇ "ಉಂಡ್ಯೇನೋ?" ಎನ್ನುತ್ತೀ. ನಾನು ಕಾಲು ತೊಳೆಯುತ್ತಲೇ "ಉಂಡೆ" ಎನ್ನುತ್ತೇನೆ. ಇಂದು ಸಂಜೆಯೂ ಹಾಗೆಯೇ ಅಂದುಬಿಟ್ಟೇನು. ಒಲೆ ಬಿಟ್ಟು ಎದ್ದು ಬಾ. ನನ್ನ ಮುಖ ನೋಡಿ ಇನ್ನೊಮ್ಮೆ ಕೇಳು.

ಗುತ್ತೆಪ್ಪ