ಅಂಗಾಲು ನೋಡುವ ಕೆಲಸ

ಏಪ್ರಿಲ್ 2, ಬುಧವಾರ

ಅತ್ತೆಯ ಅಂಗಾಲು ನೋಡಿದ್ದಾಯಿತು. ಬಲ, ಎಡ, ಬೆರಳ ಸಂದಿ. ಏನೂ ಇಲ್ಲ. ಹೋದ ವರ್ಷ ಶುಗರ್‌ನಿಂದ ಗಾಯ ಕೊಳೆತು ಅವರ ಕಾಲಿನ ಕಿರುಬೆರಳು ತೆಗೆಸಿದ ಮೇಲೆ ಇದು ನನ್ನ ಡ್ಯೂಟಿ. ಮೊಬೈಲ್ ಟಾರ್ಚ್ ಹಿಡಿದು ನೆಲಕ್ಕೆ ಕೂರಬೇಕು. ಏಳುವಾಗ ಮಂಡಿ ಲಟಕ್ ಅನ್ನುತ್ತದೆ. ಅವರ ಮಗ, ಅಂದರೆ ನಮ್ಮ ಯಜಮಾನರು, ಸರಿಯಾಗಿ ಅದೇ ಹೊತ್ತಿಗೆ ವಾಕಿಂಗ್ ಹೊರಡುತ್ತಾರೆ.

ನಿನ್ನೆಯ ನನ್ನ ಶುಗರ್ ಮಾತ್ರೆ ಡಬ್ಬಿಯಲ್ಲೇ ಇದೆ. ನನಗೂ ಶುಗರ್ ಬಂದು ಆರು ವರ್ಷವಾಯಿತು. ಯಾರಿಗೆ ನೆನಪು...

ಏಪ್ರಿಲ್ 9

ಅತ್ತೆಯ ಚೆಕಪ್. ಡಾಕ್ಟರಮ್ಮ ಬೈದರು — "ಮನೆ ಒಳಗೂ ಚಪ್ಪಲಿ ಹಾಕ್ಲೇಬೇಕು ಅಜ್ಜಿ. ನಿಮ್ ಕಾಲಿಗೆ ಬಿಸಿ ಗೊತ್ತಾಗಲ್ಲ, ಚುಚ್ಚಿದ್ರೂ ಗೊತ್ತಾಗಲ್ಲ."

ನನ್ನ ಕಡೆ ತಿರುಗಿ, "ನಿಮಗೂ ಶುಗರ್ ಅಲ್ವಾ? ಕಾಲು ಜುಮ್ ಅನ್ನತ್ತಾ?"

ಇಲ್ಲ ಎಂದೆ. ಅನ್ನುತ್ತದೆ. ಹೂಂ ಎಂದರೆ ಇನ್ನೊಂದು ಟೆಸ್ಟ್, ಇನ್ನೊಂದು ದಿನ. ಬಸ್ ಇಳಿದು ನಮ್ಮ ಹೇರೋಹಳ್ಳಿ ರಸ್ತೆಯ ಗುಂಡಿಗಳ ನಡುವೆ ಅತ್ತೆಯನ್ನು ನಡೆಸಿಕೊಂಡು ಬರುವಷ್ಟರಲ್ಲಿ ಸಾಕುಸಾಕಾಯಿತು.

ಏಪ್ರಿಲ್ 20, ಭಾನುವಾರ

ಸಂಡಿಗೆ. ನಾದಿನಿ ಲತಾಗೆ ಅಂಗಡಿಯದು ಸೇರುವುದಿಲ್ಲ. ಪ್ರತಿ ವರ್ಷ ಇಲ್ಲಿಂದಲೇ ಹೋಗಬೇಕು. ನಲ್ಲಿ ನೀರು ಬಂದದ್ದೇ ಹತ್ತಕ್ಕೆ. ಹಿಟ್ಟು ಬೇಯುವಷ್ಟರಲ್ಲಿ ಹನ್ನೊಂದೂವರೆ.

ಅತ್ತೆ ತಾವೇ ಇಡುತ್ತೇನೆಂದು ಹೊರಟರು. ತಾರಸಿಯಲ್ಲಿ ಟ್ಯಾಂಕ್ ನೆರಳಿಗೆ ಕುರ್ಚಿ ಹಾಕಿ, ಚಪ್ಪಲಿ ತೊಡಿಸಿ ಕೂರಿಸಿದೆ. ನಾನು ಚಪ್ಪಲಿ ಮೆಟ್ಟಿದ್ದು ಮಾತ್ರ ಅವರಿಗೆ ಕಂಡುಬಿಟ್ಟಿತು.

"ಬಾಯಿಗೆ ಹಾಕ್ಕೊಳೋ ಪದಾರ್ಥದ ಹತ್ರ ಚಪ್ಪಲಿನಾ? ಬಿಡೇ ಆಚೆ."

ಬಿಟ್ಟೆ. ವಾದ ಮಾಡುವ ತ್ರಾಣ ಯಾರಿಗಿದೆ. ಎರಡು ಗಂಟೆಯವರೆಗೂ ಇಟ್ಟೆ.

"ಕಾಲು ಸುಡ್ತಿಲ್ವೇನೇ ಕಲಾವತಿ?"

ಇಲ್ಲ ಎಂದೆ. ನಿಜವಾಗಿಯೂ ಸುಡಲಿಲ್ಲ. ಈ ಸಲ ಬಿಸಿಲು ಕಮ್ಮಿ.

ಏಪ್ರಿಲ್ 23, ಬೆಳಿಗ್ಗೆ 7.30

ಆರೂವರೆಗೆ ಹಾಲ್‌ನ ಬಿಳಿ ಟೈಲ್ಸ್ ಮೇಲೆ ಒದ್ದೆ ಗುರುತು. ಕೆಂಪು ಬೆರೆತದ್ದು. ಅತ್ತೆಯ ಕಾಲು ಹಿಡಿದು ಮೂರು ಸಲ ನೋಡಿದೆ. ಏನೂ ಇಲ್ಲ. ಆದರೂ ರೇಗಿದೆ — "ಎಲ್ಲಿ ತುಳಿದ್ರಿ, ಹೇಳ್ಬಾರ್ದಾ? ಇನ್ನೊಂದು ಬೆರಳು ಹೋಗ್ಬೇಕಾ?"

ಅತ್ತೆ ನೆಲವನ್ನೇ ನೋಡುತ್ತಿದ್ದರು. ಗುರುತು ಅಡುಗೆಮನೆಯಿಂದ ಅವರ ಮಂಚದವರೆಗೆ ಬಂದಿತ್ತು. ಅವರು ಇನ್ನೂ ಮಂಚ ಇಳಿದೇ ಇರಲಿಲ್ಲ.

"ಕೂತ್ಕೊ. ಕಾಲು ಕೊಡು."

"ಬೇಡಿ ಅತ್ತೆ. ನಿಮ್ ಕೈಗೆ ನನ್ ಕಾಲಾ? ಪಾಪ ಬರತ್ತೆ."

"ನನ್ ಬೆರಳು ಹೋದಾಗ ಯಾವ ಪುಣ್ಯ ಬಂತೇ? ಕೊಡು."

ಎಂಬತ್ತರ ಹೆಂಗಸು ನೆಲಕ್ಕೆ ಕೂತರು. ಟಾರ್ಚ್ ಹಾಕಲು ಬಾರದು. ನಾನೇ ಬೆಳಕು ಹಿಡಿದೆ. ನನ್ನ ಪಾದ ಅವರ ತೊಡೆಯ ಮೇಲೆ. ನಾಚಿಕೆಯಾಯಿತು, ಅಳುವೂ ಬಂತು. ನನ್ನ ಕಾಲನ್ನು ಯಾರಾದರೂ ನೋಡಿ ಎಷ್ಟು ಕಾಲವಾಯಿತೋ. ಬೊಬ್ಬೆ ಒಡೆದು ಚರ್ಮ ಸುಲಿದಿದೆಯಂತೆ. ಎರಡೂ ಕಾಲು.

"ತಾರಸಿ ಕಣೇ. ನಾನೇ ಬಿಡ್ಸಿದ್ದು ಚಪ್ಪಲಿ." ಹೆಬ್ಬೆರಳಿನಿಂದ ಅಂಚು ಒತ್ತಿದರು. "ನೋಯ್ತಾ?"

ಒತ್ತುವುದು ಕಣ್ಣಿಗೆ ಕಂಡಿತು. ಅಷ್ಟೇ. ಅವರ ಮುಖ ನೋಡಲಾಗದೆ ಹೂಂ, ನೋಯ್ತಿದೆ ಎಂದೆ.

9.15

ಆಸ್ಪತ್ರೆ. ಅತ್ತೆ ಪಕ್ಕದಲ್ಲೇ, ಬರಬೇಡಿ ಎಂದರೂ ಬಂದರು. ಇನ್ನು ಇಬ್ಬರು ಆದ ಮೇಲೆ ನಾನು. ಡಾಕ್ಟರಮ್ಮ ಕಾಲಿಗೆ ಸೂಜಿ ಮೊನೆ ಮುಟ್ಟಿಸಿ ಗೊತ್ತಾಗತ್ತಾ ಎಂದು ಕೇಳುತ್ತಾರೆ. ಈ ಸಲ ಸುಳ್ಳು ಹೇಳಬಾರದು. ನೋಯಲಿ ದೇವರೇ, ಒಂಚೂರಾದರೂ —