ಗೆದ್ದಲಿನ ಮದ್ದಿನ ಕೆಳಗೆ

ಶ್ರೀ ವೀತರಾಗಾಯ ನಮಃ

ಮೂಡುಬಿದಿರೆ
೨೮ ಮೇ ೨೦೨೫

ಪ್ರಿಯ ಸಾಧನಾ,

ಜಯ ಜಿನೇಂದ್ರ. ಅತ್ತೆಯವರ ಮಂಡಿನೋವು ಕಡಿಮೆಯಾಗಿರಬಹುದೆಂದು ಭಾವಿಸುತ್ತೇನೆ. ನಾನು ಆರೋಗ್ಯವಾಗಿದ್ದೇನೆ.

ಕಾಗದದಲ್ಲಿ ಬರೆಯುತ್ತಿರುವುದಕ್ಕೆ ಆಶ್ಚರ್ಯಪಡಬೇಡ. ಬರೆಯಬೇಕಾದ ವಿಷಯ ನಮ್ಮ ಮೇಲಿಂಗ್ ಲಿಸ್ಟಿಗೆ ಸಂಬಂಧಿಸಿದ್ದು. ಲಿಸ್ಟಿನಲ್ಲೇ ಬರೆದರೆ ನಲವತ್ತು ಮಂದಿಯ ನಡುವೆ ನಿನ್ನನ್ನು ನಿಲ್ಲಿಸಿ ಮಾತನಾಡಿಸಿದಂತೆ ಆದೀತು. ನಿನ್ನ ಸ್ವಂತ ವಿಳಾಸಕ್ಕೆ ಇಮೇಲ್ ಕಳುಹಿಸಬಹುದಿತ್ತು. ನೀನು ವೇಣೂರಿಗೆ, ತಾಯಿಯ ಮನೆಗೆ ಹೋಗಿ ಅಲ್ಲೇ ಉಳಿದ ಈ ನಾಲ್ಕು ವರ್ಷಗಳಲ್ಲಿ ಹಾಗೆ ಕಳುಹಿಸಿದ ರೂಢಿ ಇಲ್ಲದ ಕಾರಣ ಅಂಚೆಯೇ ಸುಲಭವೆನಿಸಿತು.

ನಿನಗೆ ಗೊತ್ತಿರುವುದನ್ನೇ ಕೆಲವು ಕಡೆ ಮತ್ತೆ ಬರೆಯುತ್ತೇನೆ. ಅನುಕ್ರಮ ತಪ್ಪಿದರೆ ನನಗೆ ಮುಂದಿನ ವಾಕ್ಯ ಸಿಗುವುದಿಲ್ಲ. ಅದು ನಿನಗೂ ಗೊತ್ತು.

ಲಿಸ್ಟ್ ಇರುವುದು ಒಂದೇ ಕಾರಣಕ್ಕೆ. ವೇಣೂರಿನಿಂದ ಬಂಟ್ವಾಳ ತಾಲೂಕಿನವರೆಗೆ ಫಲ್ಗುಣಿ ನದಿಗೆ ಅಡ್ಡವಾಗಿ ಕಿಂಡಿ ಅಣೆಕಟ್ಟುಗಳಿವೆ. ಮಳೆಗಾಲ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸಿ ನೀರು ನಿಲ್ಲಿಸುತ್ತೇವೆ, ಮುಂದಿನ ಮಳೆಗೆ ಮುನ್ನ ತೆಗೆಯುತ್ತೇವೆ. ಮೇಲಿನವರು ಹಲಗೆ ತೆಗೆದರೆ ನಿಂತ ನೀರು ಒಮ್ಮೆಲೇ ಕೆಳಗಿನವರ ಮೇಲೆ ಬರುತ್ತದೆ. ಆದ್ದರಿಂದ ಮೊದಲೇ ತಿಳಿಸಬೇಕು. ವಾಟ್ಸಾಪಿನಲ್ಲಿ ಶುಭೋದಯದ ಹೂವುಗಳ ಅಡಿಯಲ್ಲಿ ಇಂಥ ಸೂಚನೆ ಕಾಣೆಯಾಗುತ್ತದೆಂದು ನಾನೇ ಹಟ ಹಿಡಿದು ಇಮೇಲ್ ಮಾಡಿಸಿದೆ. ಕೆಳಗಿನ ಕೊನೆಯ ಅಣೆಕಟ್ಟಿನ ಉಸ್ತುವಾರಿ ಅಬ್ದುಲ್ ವಹಾಬ್, ನದಿಯಂಚಿನಲ್ಲಿ ತರಕಾರಿ ಬೆಳೆಸುವವರು, ಇಂದಿಗೂ ನನ್ನನ್ನು ಬಿಡುವುದಿಲ್ಲ: “ಇಡೀ ಊರು ವಾಟ್ಸಾಪಿನಲ್ಲಿ ಉಂಟು, ನೀವೊಬ್ರು ಇಮೇಲ್ ಹಿಡ್ಕೊಂಡು ಕೂತಿದ್ದೀರಿ ಮಾರಾಯ್ರೆ. ನಾಳೆ ಪಾರಿವಾಳ ಸಾಕ್ತೀರಾ?”

ಲಿಸ್ಟಿನ ಮೊದಲ ನಿಯಮ: ಹೊಸ ವಿಷಯಕ್ಕೆ ಹೊಸ ಮೇಲ್. ಹಳೆಯ ಮೇಲಿಗೆ ರಿಪ್ಲೈ ಒತ್ತಿ ಬೇರೆ ಸಂಗತಿ ಬರೆಯಕೂಡದು. ಶೀರ್ಷಿಕೆ ಬದಲಿಸಿದರೂ ಪ್ರಯೋಜನವಿಲ್ಲ. ಯಾವ ಮೇಲಿಗೆ ಉತ್ತರವೆಂಬ ಗುರುತು ಕಣ್ಣಿಗೆ ಕಾಣದಂತೆ ಒಳಗೆ ಉಳಿದಿರುತ್ತದೆ. ಓದುವವರ ಕಂಪ್ಯೂಟರು ಅದನ್ನು ಆ ಹಳೆಯ ಮೇಲ್‌ಗಳ ಎಳೆಯ ಕೆಳಗೇ ಪೋಣಿಸಿಬಿಡುತ್ತದೆ. ಆರು ವರ್ಷದ ಹಿಂದೆ ಈ ನಿಯಮಗಳನ್ನು ನಾನು ಬರೆದಾಗ ಭಾಷೆಯನ್ನು ತಿದ್ದಿಕೊಟ್ಟವಳು ನೀನು. “ಇದು ಕೋರ್ಟಿನ ನೋಟೀಸಿನ ಹಾಗೆ ಉಂಟು” ಎಂದು ನಕ್ಕು, ನೀನೇ ಎರಡು ಕಡೆ ‘ದಯವಿಟ್ಟು’ ಸೇರಿಸಿದ್ದೆ. ಅವು ಇನ್ನೂ ಅಲ್ಲೇ ಇವೆ.

ಈಗ ಕಳೆದ ವಾರದ ಸಂಗತಿ. ಮಳೆ ಅವಧಿಗೆ ಮುಂಚೆ ಬಂತು. ಮರುದಿನ ಬೆಳಿಗ್ಗೆ ವೇಣೂರಿನ ಹಲಗೆಗಳನ್ನು ತೆಗೆಯುತ್ತೇವೆಂದು ಅಲ್ಲಿನ ಅಣೆಕಟ್ಟಿನವರ ಪರವಾಗಿ ನೀನು ಲಿಸ್ಟಿಗೆ ಬರೆದೆ. ಸೂಚನೆ ಸರಿಯಾಗಿತ್ತು, ಸಮಯವೂ ಸರಿಯಾಗಿತ್ತು. ಆದರೆ ಅದನ್ನು ಬರೆದದ್ದು ಮೂರು ವರ್ಷದ ಹಿಂದೆ ನಾನು ಕಳುಹಿಸಿದ್ದ ‘ಹಲಗೆಗೆ ಗೆದ್ದಲಿನ ಮದ್ದು’ ಎಂಬ ಮೇಲಿಗೆ ಉತ್ತರವಾಗಿ. ಗೆದ್ದಲಿನ ಚರ್ಚೆ ಎಂದೋ ಮುಗಿದದ್ದೆಂದು ಅಂದು ಯಾರೂ ಅದನ್ನು ತೆರೆಯಲಿಲ್ಲ.

ನಾನು ನೋಡಿದೆ. ಕೂಡಲೇ ವಹಾಬರಿಗೆ ಫೋನ್ ಮಾಡಿದೆ. “ಎಂತ ಗೆದ್ದಲು? ಎಂತ ನೀರು? ಒಂದೊಂದೇ ಹೇಳಿ ಮಾರಾಯ್ರೆ” ಎಂದವರು, ಅರ್ಥವಾದ ಮೇಲೆ ಫೋನ್ ಇಡುವಷ್ಟೂ ನಿಲ್ಲಲಿಲ್ಲ, ತಮ್ಮನನ್ನು ಕೂಗುವುದು ನನಗೆ ಕೇಳಿಸುತ್ತಲೇ ಇತ್ತು. ಕತ್ತಲಾಗುವ ಮೊದಲು ಪಂಪನ್ನು ದಡಕ್ಕೆ ಎಳೆದರು. ಮರುದಿನ ಅಲಸಂಡೆಯ ಸಾಲು ಕಂಬಗಳ ಸಮೇತ ಹೋಯಿತು. ಆ ತಮ್ಮ ದಿನಾ ಬೆಳಿಗ್ಗೆ ಪಂಪು ಹಾಕಲು ಇಳಿಯುವುದು ಅದೇ ಜಾಗಕ್ಕೆ. ಇದನ್ನು ನಿನ್ನನ್ನು ನೋಯಿಸಲು ಬರೆಯುತ್ತಿಲ್ಲ. ಬರೆಯದೆ ಬಿಟ್ಟರೆ ಮುಂದಿನದು ಅತಿಯಾಯಿತೆಂದು ನಿನಗೆ ಅನ್ನಿಸಬಹುದು.

ಮುಂದಿನದು ಇದು. ಶಿರ್ತಾಡಿ ಕಡೆಯ ಅಣೆಕಟ್ಟಿನ ಲೋಕನಾಥರು ಒಂದು ನಿರ್ಣಯ ಸೂಚಿಸಿದ್ದಾರೆ: ಒಂದು ವರ್ಷಕ್ಕಿಂತ ಹಳೆಯದಾದ ಎಲ್ಲ ಎಳೆಗಳಿಗೂ ಬೀಗ ಹಾಕಬೇಕು, ಅವುಗಳಿಗೆ ಯಾರೂ ಉತ್ತರಿಸಲಾಗದಂತೆ ಮಾಡಬೇಕು. ಭಾನುವಾರ ಸಭೆ. ಅವರು ಯಾರ ಹೆಸರನ್ನೂ ಎತ್ತಲಿಲ್ಲ, ಎತ್ತುವ ಅಗತ್ಯವಿರಲಿಲ್ಲ. ನನ್ನನ್ನು ಮಾತ್ರ ಒಂದು ಪ್ರಶ್ನೆ ಕೇಳಿದರು. “ನಮಗೆ ಯಾರಿಗೂ ಕಾಣದ್ದು ನಿಮಗೆ ಹೇಗೆ ಕಂಡದ್ದು ವೀರರಾಜರೇ?” ನನ್ನ ಕಂಪ್ಯೂಟರಿನ ಸೆಟ್ಟಿಂಗ್ ಬೇರೆ ಉಂಟು ಎಂದೆ. ಅದು ಸುಳ್ಳಲ್ಲ.

ಆ ಎಳೆಯನ್ನು ನಿನ್ನೆ ಮೊದಲಿಂದ ಓದಿದೆ. ನಿನ್ನ ಮೊದಲ ಉತ್ತರ ನಿಯಮಬದ್ಧವಾಗಿಯೇ ಇದೆ: ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿದ ಹಲಗೆಗೆ ಗೆದ್ದಲು ಬರಲಿಲ್ಲ. ಎರಡನೆಯದು: ಅದೇ ಎಣ್ಣೆಯನ್ನು ಮನೆಯ ಹಿಂಬಾಗಿಲಿಗೂ ಹಚ್ಚಿದೆವು. ಮೂರನೆಯದರಲ್ಲಿ ಬಾಗಿಲು ಮಾತ್ರ ಇದೆ, ಎಣ್ಣೆ ಇಲ್ಲ. ಆಮೇಲೆ ಅತ್ತೆಯವರ ಕಣ್ಣಿನ ಆಪರೇಶನ್. ವೇಣೂರು ಬಸ್ಸಿನ ಹೊಸ ಸಮಯ. ಈ ಏಪ್ರಿಲಿನಲ್ಲಿ, “ಜೀಗುಜ್ಜೆ ಕಾಯಿ ಮರ ತುಂಬ ಉಂಟು. ಪೋಡಿ ಕರಿದರೆ ತಿನ್ನಲಿಕ್ಕೆ ಜನ ಇಲ್ಲ.” ಅದಕ್ಕೆ ಲೋಕನಾಥರು ಗಂಭೀರವಾಗಿ ಉತ್ತರಿಸಿದ್ದರು: ಈ ಲಿಸ್ಟ್ ಅಣೆಕಟ್ಟಿನ ವಿಷಯಕ್ಕೆ ಮೀಸಲು; ಆದರೂ ತಮಗೆ ಬಜ್ಜಿಗೆ ಎರಡು ಕಾಯಿ ಸಿಕ್ಕಿದರೆ ಅಡ್ಡಿಯಿಲ್ಲ.

ನಿರ್ವಾಹಕನಾಗಿ ನಾನು ಆಗಲೇ ಎಚ್ಚರಿಸಬೇಕಿತ್ತು. ಎಚ್ಚರಿಸಲಿಲ್ಲ.

ನೀನು ಆ ಹಳೆಯ ಮೇಲಿಗೇ ಉತ್ತರಿಸುವುದಕ್ಕೆ ವಹಾಬರ ಬಳಿ ಒಂದು ವಿವರಣೆ ಉಂಟು. “ಅದು ದೊಡ್ಡ ಸಂಗತಿ ಅಲ್ಲ. ನನ್ನ ಹೆಂಡತಿಯೂ ಹಾಗೇ. ಯಾರಿಗೆ ಫೋನ್ ಮಾಡುವುದಿದ್ರೂ ಮೇಲೆ ಯಾವ ಹೆಸರು ಕಾಣ್ತದೋ ಅದನ್ನೇ ಒತ್ತುವುದು. ಮೊನ್ನೆ ಗ್ಯಾಸಿನವನಿಗೆ ಹೇಳುವುದನ್ನು ನನ್ನ ಭಾವನಿಗೆ ಹೇಳಿದ್ಳು. ಅವ ಖಾಲಿ ಸಿಲಿಂಡರ್ ಹೊತ್ಕೊಂಡು ಬಂದ!” ಲಿಸ್ಟಿನ ವಿಳಾಸ ನಿನ್ನ ಬಳಿ ಇಲ್ಲದೆ, ಕೈಗೆ ಸಿಕ್ಕಿದ ಒಂದು ಹಳೆಯ ಮೇಲಿಗೆ ನೀನು ರಿಪ್ಲೈ ಒತ್ತುತ್ತಿರಬಹುದು. ಅದು ಸಾಧ್ಯ. ನಿಯಮದ ಭಾಷೆ ತಿದ್ದಿದವಳು, ಕಾಲೇಜಿನಲ್ಲಿ ಮಕ್ಕಳ ಲೆಕ್ಕಗಳಲ್ಲಿ ಬಿಟ್ಟುಹೋದ ಒಂದು ಚಿಹ್ನೆಯನ್ನೂ ಕ್ಷಮಿಸದವಳು, ಮೂರು ವರ್ಷ ಒಂದೇ ಮೇಲಿಗೆ ಅರಿಯದೆ ಉತ್ತರಿಸುತ್ತಾಳೆಂದು ನಂಬುವುದು ನನಗೆ ಕಷ್ಟ. ಆದರೆ ಒಂದು ಫಲಿತಾಂಶಕ್ಕೆ ಎರಡು ಕಾರಣಗಳು ಸಾಧ್ಯವಿರುವಾಗ, ನಮಗೆ ಇಷ್ಟವಾದದ್ದನ್ನು ಆರಿಸಿಕೊಳ್ಳುವುದು ನಾನು ಕಲಿತ ಕ್ರಮವಲ್ಲ.

ಭಾನುವಾರ ನಾನು ಬೀಗದ ಪರವಾಗಿ ಕೈ ಎತ್ತುತ್ತೇನೆ. ಒಂದು ಎಳೆಯನ್ನು ಮಾತ್ರ ಬಿಟ್ಟುಬಿಡುವ ಅವಕಾಶ ನಿರ್ವಾಹಕನಿಗಿದೆ, ಅದನ್ನು ಬಳಸುವುದಿಲ್ಲ. ಮುಂದಿನ ಸಲ ನಾನು ಜ್ವರದಲ್ಲಿ ಮಲಗಿದ್ದರೆ ವಹಾಬರ ತಮ್ಮನಿಗೆ ಫೋನ್ ಮಾಡುವವರು ಯಾರು? ಅಂದಿನಿಂದ ಗೆದ್ದಲಿನ ಮದ್ದಿನ ಕೆಳಗೆ ಏನನ್ನೂ ಬರೆಯಲಾಗದು. ನೀನು ಬರೆಯುವ ಜಾಗ ಅದೊಂದೇ ಎಂಬುದನ್ನು ಬಲ್ಲೆ. ಬೀಗ ಬಿದ್ದದ್ದನ್ನು ಬೇರೆ ರೀತಿಯಲ್ಲಿ ಓದಿಕೊಂಡು ನೀನು ಸುಮ್ಮನಾಗಿಬಿಟ್ಟರೆ ಎಂಬ ಆತಂಕಕ್ಕೇ ಈ ಕಾಗದ ಸಭೆಗೆ ಮೊದಲು ನಿನ್ನ ಕೈ ಸೇರಬೇಕೆಂದು ಇಂದೇ ಅಂಚೆಗೆ ಹಾಕುತ್ತಿದ್ದೇನೆ.

ಲಿಸ್ಟಿನ ವಿಳಾಸವನ್ನು ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದೇನೆ. ಹಲಗೆಯ ವಿಷಯಕ್ಕೆ ದಯವಿಟ್ಟು ಹೊಸ ಮೇಲ್ ತೆರೆದು ಬರೆ. ಶೀರ್ಷಿಕೆಯಲ್ಲಿ ಊರಿನ ಹೆಸರು, ದಿನ ಇರಲಿ. ಮಳೆ ಕಳೆದು ಮತ್ತೆ ಹಲಗೆ ಇಳಿಸುವಾಗಲೂ ಇದೇ ಕ್ರಮ.

ನಮ್ಮಿಬ್ಬರ ನಡುವಿನ ವಿಷಯವನ್ನು ಇಲ್ಲಿ ಎತ್ತಿಲ್ಲ. ಅದು ಬೇರೆ ವಿಷಯ. ಅಣೆಕಟ್ಟಿನ ಕಾಗದದ ಕೆಳಗೆ ಅದನ್ನು ಪೋಣಿಸಬಾರದು.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು.

ಇತಿ,
ವೀರರಾಜ

ಮರೆತ ಮಾತು: ಸಹಿಯ ಕೆಳಗೆ ‘ಲಿಸ್ಟಿನ ನಿರ್ವಾಹಕ’ ಎಂದು ಬರೆಯಲು ಹೊರಟ ಪೆನ್ನನ್ನು ತಡೆದೆ. ಲೋಕನಾಥರಿಗೆ ಹೇಳಿದ ಸೆಟ್ಟಿಂಗ್ ಯಾವುದೆಂದು ನಿನಗಾದರೂ ಹೇಳಬೇಕು. ನನ್ನ ಕಂಪ್ಯೂಟರಿನಲ್ಲಿ ಯಾರ ಮೇಲ್ ಬಂದರೂ ಸದ್ದಾಗುವುದಿಲ್ಲ. ಗೆದ್ದಲಿನ ಮದ್ದಿನ ಕೆಳಗೆ ಬಂದರೆ ಮಾತ್ರ ಗಂಟೆ ಬಾರಿಸುತ್ತದೆ. ಬಾಗಿಲಿನ ಮೇಲ್ ಬಂದಂದಿನಿಂದ ಹಾಗಿಟ್ಟಿದ್ದೇನೆ. ಭಾನುವಾರದ ಬಳಿಕ ಅದು ಮೊಳಗದು. ಆದ್ದರಿಂದ ಇಂದು ಬೆಳಿಗ್ಗೆ ಆ ಗಂಟೆಯನ್ನು ನಿನ್ನ ಸ್ವಂತ ವಿಳಾಸಕ್ಕೆ ಬದಲಿಸಿದ್ದೇನೆ. ಅಲ್ಲಿಂದ ನನ್ನೊಬ್ಬನಿಗೇ ಬರೆದರೆ ಕೇಳಿಸುತ್ತದೆ. ಹೊಸ ಮೇಲಿಗೆ ಏನು ಶೀರ್ಷಿಕೆ ಕೊಡುವುದೆಂದು ತೋಚದಿದ್ದರೆ ‘ಜೀಗುಜ್ಜೆ’ ಎಂದು ಕೊಡು. ಪೋಡಿ ತಿನ್ನಲಿಕ್ಕೆ ಜನ ಉಂಟು.